2.8 ಲಕ್ಷ ಕಿಲೋಮೀಟರ್ ದಾಟಿದ ಇನ್ನೋವಾ: ಇಟ್ಟುಕೊಳ್ಳುವುದೋ, ಮಾರುವುದೋ?

ಪ್ರಶ್ನೆ: ನಮ್ಮದು 2011ರ ಡೀಸೆಲ್ ಇನ್ನೋವಾ. ಮೀಟರ್ 2.8 ಲಕ್ಷ ಕಿ.ಮೀ. ದಾಟಿದೆ. ಹದಿನೈದು ವರ್ಷದ ನೋಂದಣಿ ಮುಗಿಯುತ್ತ ಬಂದಿದೆ. ಮನೆಯವರು ಮಾರಿಬಿಡೋಣ ಎನ್ನುತ್ತಾರೆ, ಮೆಕ್ಯಾನಿಕ್ ಇನ್ನೂ ಎರಡು ಲಕ್ಷ ಓಡುತ್ತದೆ ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಮೆಕ್ಯಾನಿಕ್ ಮಾತಿನಲ್ಲಿ ಉತ್ಪ್ರೇಕ್ಷೆ ಇಲ್ಲ. ಆ 2.5 ಲೀಟರ್ ಡೀಸೆಲ್ ಎಂಜಿನ್ ನಾಲ್ಕೈದು ಲಕ್ಷ ಓಡಿದ್ದು ಟ್ಯಾಕ್ಸಿಯವರಿಗೆ ಸುದ್ದಿಯೇ ಅಲ್ಲ. ಆದರೆ ಟ್ಯಾಕ್ಸಿ ಓಡುವ ರೀತಿಯೇ ಬೇರೆ. ಎಂಜಿನ್ನಿಗೆ ಹೆಚ್ಚು ಸವೆತ ತರುವುದು ತಣ್ಣಗಿರುವಾಗ ಚಾಲೂ ಮಾಡಿ, ಬಿಸಿಯಾಗುವ ಮೊದಲೇ ನಿಲ್ಲಿಸುವ ಓಡಾಟ. ಬೆಳಿಗ್ಗೆ ಹೊರಟು ಸಂಜೆಯವರೆಗೆ ಹೆದ್ದಾರಿಯಲ್ಲಿ ಬಿಸಿಯಾಗಿಯೇ ಓಡುವ ಗಾಡಿಯ ಮೂರು ಲಕ್ಷಕ್ಕಿಂತ, ಮನೆಯಿಂದ ಶಾಲೆಗೆ, ಶಾಲೆಯಿಂದ ತರಕಾರಿ ಅಂಗಡಿಗೆ ಓಡಿದ ಗಾಡಿಯ ಒಂದು ಲಕ್ಷವೇ ಕೆಲವೊಮ್ಮೆ ಭಾರವಾದದ್ದು.

ಅಮೆರಿಕದ ಲಾಂಗ್ ಐಲ್ಯಾಂಡ್‌ನ ಶಾಲಾ ಮೇಷ್ಟ್ರು ಇರ್ವ್ ಗಾರ್ಡನ್ 1966ರಲ್ಲಿ ಕೊಂಡ ವೋಲ್ವೊ ಪಿ1800ಎಸ್ ಕಾರನ್ನು 2013ರಲ್ಲಿ 30 ಲಕ್ಷ ಮೈಲಿ, ಅಂದರೆ ಸುಮಾರು 48 ಲಕ್ಷ ಕಿ.ಮೀ. ದಾಟಿಸಿದರು. ಅವರು ದಿನವೂ ಕೆಲಸಕ್ಕೆ ಹೋಗಿಬರುತ್ತಿದ್ದ ದಾರಿಯೇ ಸುಮಾರು 200 ಕಿ.ಮೀ. ಇತ್ತು. ಆಯಿಲ್ ಬದಲಾವಣೆಯನ್ನು ಅವರು ತಪ್ಪಿಸುತ್ತಿರಲಿಲ್ಲ, ನಿಜ. ಆದರೆ ಆ ಉದ್ದನೆಯ ದಾರಿಯ ಪುಣ್ಯವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆಯಿಲ್ ವಿಷಯದಲ್ಲಿ ನಮ್ಮವರು ಸಾಮಾನ್ಯವಾಗಿ ಜಾಗರೂಕರು. ಹತ್ತು ಸಾವಿರ ಕಿ.ಮೀ. ಅಥವಾ ವರ್ಷ, ಯಾವುದು ಮೊದಲೋ ಅದಕ್ಕೆ ಬದಲಿಸಿ. ಬರೀ ಊರೊಳಗಿನ ಓಡಾಟವಾದರೆ ಇನ್ನೂ ಬೇಗ. ನಮ್ಮಲ್ಲಿ ಗಾಡಿಗಳನ್ನು ಕೊಲ್ಲುವುದು ಹೆಚ್ಚಾಗಿ ನೀರು. ರೇಡಿಯೇಟರ್ ಸ್ವಲ್ಪ ಇಳಿದಿದೆ ಎಂದು ಪೆಟ್ರೋಲ್ ಬಂಕಿನ ಕೊಳಾಯಿಯಿಂದ ಒಂದು ಬಾಟಲಿ ಸುರಿಯುತ್ತೇವೆ. ಕೋಲಾರದಿಂದ ವಿಜಯಪುರದವರೆಗೆ ಬೋರ್‌ವೆಲ್ ನೀರು ಎಷ್ಟು ಗಡಸು ಎಂಬುದು ಗೀಸರ್ ಕಾಯಿಲ್ ಬದಲಿಸಿದ ಎಲ್ಲರಿಗೂ ಗೊತ್ತು. ಅದೇ ಸುಣ್ಣ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕೂರುತ್ತದೆ. ಒಂದು ದಿನ ಚಾರ್ಮಾಡಿ ಘಾಟಿ ಏರುವಾಗ ಉಷ್ಣತೆಯ ಮುಳ್ಳು ಮೇಲೇರುತ್ತದೆ, ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಕೆಳಗೆ ಕೂರುವ ಸೀಲು, ಅಂದರೆ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ, ಹೆಡ್ ಸೊಟ್ಟಗಾಗುತ್ತದೆ. ಎಂಜಿನ್ ಮುಗಿಯಿತು ಎಂದು ಎಲ್ಲರೂ ಹೇಳುತ್ತಾರೆ. ಕೆಟ್ಟದ್ದು ನೀರು, ದೂರು ಮಾತ್ರ ಎಂಜಿನ್ ಮೇಲೆ.

ನಾಳೆ ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ ಮಾತ್ರ, ರೇಡಿಯೇಟರ್ ಮುಚ್ಚಳ ತೆಗೆದು ನೋಡಿ. ಕೂಲಂಟ್, ಅಂದರೆ ಎಂಜಿನ್ ತಂಪಾಗಿಡುವ ದ್ರವ, ತಿಳಿಯಾಗಿ ತನ್ನ ಬಣ್ಣದಲ್ಲೇ ಇದ್ದರೆ ಸರಿ. ಕಾವಿ ಬಣ್ಣಕ್ಕೆ ತಿರುಗಿದ್ದರೆ ಒಳಗೆ ತುಕ್ಕು ಹಿಡಿದಿದೆ. ಮೇಲೆ ಎಣ್ಣೆಯ ಪದರ ತೇಲುತ್ತಿದ್ದರೆ ಗಾಡಿಯನ್ನು ನೇರ ಗ್ಯಾರೇಜಿಗೆ ಒಯ್ಯಿರಿ. ರೇಡಿಯೇಟರಿನ ರಬ್ಬರ್ ಹೋಸುಗಳನ್ನು ಬೆರಳಿನಿಂದ ಒತ್ತಿ ನೋಡಿ: ಮೆತ್ತಗೆ ಉಬ್ಬಿದ್ದರೂ, ಒತ್ತಿದಾಗ ಚರಚರ ಎಂದರೂ ಬದಲಿಸಬೇಕು. ಆಮೇಲೆ ಮುಚ್ಚಳ ಹಾಕಿ ಎಂಜಿನ್ ಚಾಲೂ ಮಾಡಿ, ಆಯಿಲ್ ತುಂಬುವ ಮುಚ್ಚಳ ತಿರುಗಿಸಿ ತೆಗೆಯಿರಿ. ಸಣ್ಣ ಆವಿ ಸಹಜ. ರೈಲಿನಂತೆ ಬುಸುಬುಸು ಹೊಗೆ ಉಗುಳಿದರೆ ಗ್ಯಾರೇಜಿನವರು ಬ್ಯಾಕ್ ಕಂಪ್ರೆಶನ್ ಎನ್ನುತ್ತಾರೆ. ಪಿಸ್ಟನ್ ರಿಂಗ್ ಸವೆದಿರುವ ಲಕ್ಷಣ. ಹಾಗಿದ್ದರೆ ನಿಮ್ಮ ಮೆಕ್ಯಾನಿಕ್ ಹೇಳಿದ ಎರಡು ಲಕ್ಷದ ಲೆಕ್ಕ ಬದಲಾಗುತ್ತದೆ.

ಪಿಸ್ಟನ್ನುಗಳ ಓಟಕ್ಕೆ ತಾಳ ಹಾಕಿ ವಾಲ್ವುಗಳನ್ನು ಆಡಿಸಲು ಈ ಎಂಜಿನ್ನಿನಲ್ಲಿ ಇರುವುದು ಟೈಮಿಂಗ್ ಚೈನ್ ಅಲ್ಲ, ಬೆಲ್ಟ್. ಸಾಮಾನ್ಯವಾಗಿ ಒಂದೂವರೆ ಲಕ್ಷ ಕಿ.ಮೀ.ಗೊಮ್ಮೆ ಬದಲಿಸಬೇಕು. ಒಮ್ಮೆ ಬದಲಿಸಿದ ರಸೀದಿ ಇದ್ದರೆ ಎರಡನೆಯ ಸರದಿ ಹತ್ತಿರ ಬಂದಿದೆ. ರಸೀದಿ ಇಲ್ಲದಿದ್ದರೆ ಆಗಿಲ್ಲ ಎಂದೇ ತಿಳಿಯಿರಿ, ಯಾರ ಬಾಯಿಮಾತನ್ನೂ ನಂಬಬೇಡಿ. ಬೆಲ್ಟ್ ಮುನ್ಸೂಚನೆ ಕೊಟ್ಟು ಹರಿಯುವುದಿಲ್ಲ. ಹರಿದ ಕ್ಷಣ ಪಿಸ್ಟನ್ನುಗಳು ವಾಲ್ವುಗಳಿಗೆ ಬಡಿಯುತ್ತವೆ. ಮರೆತುಹೋಗುವ ಇನ್ನೂ ಎರಡು ಎಣ್ಣೆಗಳಿವೆ. ಇನ್ನೋವಾದಲ್ಲಿ ಎಂಜಿನ್ ಹಿಂದಿನ ಚಕ್ರಗಳನ್ನು ತಿರುಗಿಸುವುದರಿಂದ ಗೇರ್ ಬಾಕ್ಸ್ ಅಲ್ಲದೆ ಹಿಂದೆ ಎರಡೂ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಶಿಯಲ್‌ಗೂ ಎಣ್ಣೆ ಬೇಕು. ಬ್ರೇಕ್ ದ್ರವ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಿ. ಡೀಸೆಲ್ ಫಿಲ್ಟರಿನಲ್ಲಿ ನೀರು ನಿಲ್ಲಗೊಡಬೇಡಿ, ಏಕೆಂದರೆ ಅದು ಹಾಳುಮಾಡುವ ಇಂಜೆಕ್ಟರುಗಳು ದುಬಾರಿ.

ಈಗ ಮನೆಯವರ ವಾದ: ರಿಪೇರಿಗೆ ಸುರಿಯುವ ಹಣದಲ್ಲಿ ಹೊಸದೇ ಬರುತ್ತದೆ ಎಂಬುದು. ವಿಮೆಯವರ ಸವಕಳಿ ಪಟ್ಟಿಯನ್ನೇ ಹಿಡಿಯೋಣ. ಅದರ ಪ್ರಕಾರ ಹೊಸ ಕಾರಿನ ಮೌಲ್ಯ ಐದನೆಯ ವರ್ಷಕ್ಕೆ ಅರ್ಧಕ್ಕೆ ಇಳಿಯುತ್ತದೆ. 12 ಲಕ್ಷದ ಕಾರಿನಲ್ಲಿ ಅದು 6 ಲಕ್ಷ, ಅಂದರೆ ತಿಂಗಳಿಗೆ 10,000 ರೂಪಾಯಿ. ಸಾಲದ ಬಡ್ಡಿ ಬೇರೆ. ನಿಮ್ಮ ಇನ್ನೋವಾಕ್ಕೆ ಒಂದು ವರ್ಷ ಬೆಲ್ಟ್, ರೇಡಿಯೇಟರ್, ಸಸ್ಪೆನ್ಷನ್ ಎಲ್ಲ ಒಟ್ಟಿಗೆ ಬಂದರೂ ಆ ಲೆಕ್ಕದ ವರ್ಷದ 1.2 ಲಕ್ಷ ತಲುಪುವುದು ಕಷ್ಟ. ನೋಂದಣಿ ನವೀಕರಣಕ್ಕೆ ಕಾರಿಗೆ ಕೇಂದ್ರ ನಿಗದಿಪಡಿಸಿದ ಶುಲ್ಕ 5,000 ರೂಪಾಯಿ, ಅದರ ಮೇಲೆ ರಾಜ್ಯದ ಹಸಿರು ತೆರಿಗೆ. ಒಮ್ಮೆ ಮಾಡಿಸಿದರೆ ಐದು ವರ್ಷ. ಅವಧಿ ಮುಗಿಯುವ 60 ದಿನ ಮೊದಲಿನಿಂದ ಅರ್ಜಿ ಹಾಕಬಹುದು. ತಡವಾದರೆ ತಿಂಗಳಿಗೆ 500 ರೂಪಾಯಿ ಹೆಚ್ಚುವರಿ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲಿನ ದೆಹಲಿಯ ನಿರ್ಬಂಧ ನೋಡಿ ಹೆದರಿದವರು ಬಹಳ ಮಂದಿ. ಅದು ಕರ್ನಾಟಕಕ್ಕೆ ಅನ್ವಯಿಸುವುದಿಲ್ಲ.

ಮನೆಯವರ ಪರವಾಗಿಯೂ ಒಂದು ಮಾತಿದೆ, ಅದು ಹಣದ್ದಲ್ಲ. ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈನಲ್ಲಿ. ಅದಕ್ಕೂ ಮೊದಲಿನ ಅನೇಕ ಕಾರುಗಳಲ್ಲಿ ಅದಿಲ್ಲ. ನಿಮ್ಮದರಲ್ಲಿ ಇದೆಯೇ ನೋಡಿಕೊಳ್ಳಿ. ರಾತ್ರಿ ಹೆದ್ದಾರಿ ಪಯಣ ಹೆಚ್ಚು, ಮಕ್ಕಳೂ ಜೊತೆಗಿರುತ್ತಾರೆ, ಏರ್‌ಬ್ಯಾಗ್ ಇಲ್ಲ ಎಂದಾದರೆ ಮಾರುವುದೇ ಸರಿ ಎಂದು ನನ್ನ ಅಭಿಪ್ರಾಯ, ಎಂಜಿನ್ ಎಷ್ಟೇ ಗಟ್ಟಿಯಾಗಿದ್ದರೂ.

ಇಟ್ಟುಕೊಳ್ಳುವುದಾದರೆ ನವೀಕರಣದ ಅರ್ಜಿಗೆ ಮೊದಲು ಗಾಡಿಯನ್ನು ಲಿಫ್ಟ್ ಮೇಲೆ ಏರಿಸಿ ತುಕ್ಕು ಹಿಡಿದಿದೆಯೇ ಎಂದು ಕೆಳಗಿನಿಂದ ನೋಡಿಸಿ, ಮಂಗಳೂರು, ಉಡುಪಿ, ಕಾರವಾರದ ಕಡೆಯ ಗಾಡಿಯಾದರೆ ಖಂಡಿತ. ಈ ಗಾಡಿ ನಿಂತಿರುವುದು ಏಣಿಯಾಕಾರದ ಚಾಸಿಯ, ಅಂದರೆ ಕಬ್ಬಿಣದ ಚೌಕಟ್ಟಿನ ಮೇಲೆ. ಹಿಂಚಕ್ರದ ಮೇಲ್ಭಾಗದಲ್ಲಿ ಕೆಸರು ಅಂಟಿಕೊಳ್ಳುವ ಜಾಗವನ್ನು ಕೆರೆಸಿ, ಸಣ್ಣ ಸುತ್ತಿಗೆಯಿಂದ ತಟ್ಟಿಸಿ. ಠಣ್ ಎಂದರೆ ಕಬ್ಬಿಣ ಗಟ್ಟಿಯಾಗಿದೆ, ಮೇಲ್ಪದರದ ತುಕ್ಕನ್ನು ಉಜ್ಜಿ ಬಣ್ಣ ಹೊಡೆಸಿದರೆ ಸಾಕು. ಮಂದ ಸದ್ದಿನೊಂದಿಗೆ ಪದರ ಪದರವಾಗಿ ಉದುರಿದರೆ ಟೈಮಿಂಗ್ ಬೆಲ್ಟಿಗೂ ಹಣ ಹಾಕಬೇಡಿ, ಗುಜರಿ ಬೆಲೆ ವಿಚಾರಿಸಿ.