ಪ್ಯಾರಿಸ್ಸಿನ ಒಪೆರಾದಲ್ಲಿ ಇಬ್ಬರ ಮೇಲೆ ಒಬ್ಬ: 17 ನಡೆಗಳ ಟಿಪ್ಪಣಿ

1858, ಪ್ಯಾರಿಸ್. ಒಪೆರಾ ನಡೆಯುತ್ತಿದೆ. ಬಾಕ್ಸಿನಲ್ಲಿ (ಪ್ರತ್ಯೇಕ ಆಸನದ ಕೋಣೆಯಲ್ಲಿ) ಕೂತು ಚೆಸ್ ಆಡುತ್ತಿರುವವರು ಮೂವರು. ಬಿಳಿ ಕಾಯಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಪಾಲ್ ಮಾರ್ಫಿಯದು, ವಯಸ್ಸು 21. ಕಪ್ಪು ಕಾಯಿ ಬ್ರನ್ಸ್‌ವಿಕ್‌ನ ಡ್ಯೂಕ್ ಮತ್ತು ಕೌಂಟ್ ಇಸುವಾರ್ ಅವರದು. ಇಬ್ಬರೂ ಮಾತಾಡಿಕೊಂಡೇ ನಡೆ ಇಡಬಹುದು. ಆದರೂ ಸೋತರು.

ಮೊದಲ ಆರು ನಡೆ ಬೇಗ ನೋಡಿ ಮುಂದೆ ಹೋಗೋಣ. ಆರಂಭದ ನಡೆಗಳ ಈ ಕ್ರಮಕ್ಕೆ ಫಿಲಿಡಾರ್ ಡಿಫೆನ್ಸ್ ಎಂದು ಹೆಸರು. ಕಪ್ಪು ತನ್ನ ಒಂಟೆಯನ್ನು ಬಿಳಿ ಕುದುರೆಗೆ ಕೊಟ್ಟು, ಬಿಳಿ ರಾಣಿಯನ್ನು ತಾನೇ ಹೊರಗೆ ಕರೆದಂತಾಯಿತು.

ನಿಲ್ಲಬೇಕಾದ್ದು 7ನೇ ನಡೆಯಲ್ಲಿ. ಮಾರ್ಫಿಯ ರಾಣಿ ಬಿ3ಗೆ (ಅಕ್ಷರ ಉದ್ದ ಸಾಲು, ಎಎಯಿಂದ ಎಚ್; ಅಂಕಿ ಬಿಳಿಯ ಕಡೆಯಿಂದ ಎಷ್ಟನೇ ಮನೆ ಅಂತ) ಬಂದು ಎಫ್7, ಬಿ7 ಎರಡರ ಮೇಲೂ ಕಣ್ಣಿಟ್ಟಿತು. ಕಪ್ಪು ರಾಣಿ ಇ7ಗೆ ಬಂದು ಎಫ್7 ಕಾಯಿತು, ಆದರೆ ತನ್ನದೇ ಒಂಟೆಯ ದಾರಿಗೆ ಅಡ್ಡ ನಿಂತಿತು. ಈಗ ಬಿ7ರ ಕಾಲಾಳು ಪುಕ್ಕಟೆ. ನಾವಾದರೆ ತಿಂದೇ ಬಿಡುತ್ತಿದ್ದೆವು, ಅಲ್ವಾ? ತಿಂದರೆ ಕಪ್ಪು ರಾಣಿ ಬಿ4ರಿಂದ ಚೆಕ್ (ರಾಜನಿಗೆ ಬೆದರಿಕೆ) ಕೊಟ್ಟು, ಎರಡೂ ರಾಣಿಗಳು ಬೋರ್ಡಿನಿಂದ ಹೋಗುವಂತೆ ಮಾಡುತ್ತದೆ. ಬಿಳಿಗೆ ಒಂದು ಕಾಲಾಳು ಲಾಭ, ಆಟ ಮಾತ್ರ ಸಪ್ಪೆ. ಮಾರ್ಫಿ ಸುಮ್ನೆ ಕುದುರೆಯನ್ನು ಸಿ3ಗೆ ತಂದ. ನನ್ನ ಲೆಕ್ಕದಲ್ಲಿ ಎರಡು ಕಡೆಯವರ ಅಂತರ ಕಾಣುವುದು ಇಲ್ಲೇ, ಕೊನೆಯ ರಾಣಿ ಬಲಿಯಲ್ಲಲ್ಲ.

9ನೇ ನಡೆಯಲ್ಲಿ ಕಪ್ಪು ಬಿ5ಕ್ಕೆ ಕಾಲಾಳು ನೂಕಿತು. ಒಳಗಿನ ಕಾಯಿಗಳೇ ಹೊರಬಂದಿಲ್ಲ, ಇದೊಂದು ಉಸಾಬರಿ! ಮಾರ್ಫಿ ಕುದುರೆ ಕೊಟ್ಟು ಎರಡು ಕಾಲಾಳು ತಗೊಂಡ, ಒಂಟೆಯಿಂದ ಚೆಕ್ ಕೊಟ್ಟ. ಕುದುರೆಯನ್ನು ಹೊಡೆಯುವ ಬದಲು ಕಪ್ಪು ರಾಣಿ ಬಿ4ಕ್ಕೆ ಬಂದು ಚೆಕ್ ಕೊಟ್ಟಿದ್ದರೆ ಇನ್ನಷ್ಟು ಹೊತ್ತು ಉಸಿರಾಡಬಹುದಿತ್ತು.

12ರಲ್ಲಿ ಮಾರ್ಫಿಯ ದೊಡ್ಡ ಕ್ಯಾಸಲಿಂಗ್, ಅಂದರೆ ರಾಣಿಯ ಕಡೆಗೆ ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸುವುದು. ಆನೆ ನೇರ ಡಿ ಸಾಲಿಗೆ ಬಂತು. ಕಪ್ಪಿನ ಎರಡು ಕುದುರೆಗಳೂ ಪಿನ್ ಆಗಿವೆ, ಅಂದರೆ ಕದಲಿದರೆ ಹಿಂದಿನ ಕಾಯಿ ಬಯಲಾಗುತ್ತದೆ: ಡಿ7ದು ರಾಜನಿಗೆ, ಎಫ್6ದು ರಾಣಿಗೆ. 13ರಲ್ಲಿ ಆನೆ ಕೊಟ್ಟು ಡಿ7 ಕುದುರೆ ಹೊಡೆದ. ಅದನ್ನು ಕಪ್ಪು ಆನೆ ಹೊಡೆಯಿತು. ಮಾರ್ಫಿಯ ಎರಡನೇ ಆನೆ ತಕ್ಷಣ ಅದೇ ಸಾಲಿಗೆ. 15ರಲ್ಲಿ ಬಿಳಿ ಒಂಟೆ ಡಿ7ರ ಆನೆಯನ್ನು ಹೊಡೆಯಿತು, ಎಫ್6ರ ಕುದುರೆ ಆ ಒಂಟೆಯನ್ನು ಹೊಡೆದು ಡಿ7ಗೆ ಬಂತು.

16: ರಾಣಿ ಬಿ8ಕ್ಕೆ, ಚೆಕ್. ಕಪ್ಪು ಕುದುರೆ ರಾಣಿಯನ್ನು ಹೊಡೆಯಲೇಬೇಕು, ಬೇರೆ ನಡೆಯಿಲ್ಲ. ಅದು ಡಿ7 ಬಿಟ್ಟಿತು, ಸಾಲು ಖಾಲಿ. 17: ಆನೆ ಡಿ8ಕ್ಕೆ, ಮೇಟ್: ರಾಜನಿಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಆ ಆನೆಯನ್ನು ಕಾಯುತ್ತಿರುವುದು 9ನೇ ನಡೆಯಲ್ಲಿ ಜಿ5ಕ್ಕೆ ಬಂದ ಒಂಟೆ.

ಈಗ ಬೋರ್ಡಿನಲ್ಲಿ ಎಣಿಸಿ. ಕಾಲಾಳು ಬಿಟ್ಟರೆ ಬಿಳಿಗೆ ರಾಜ, ಒಂದು ಆನೆ, ಒಂದು ಒಂಟೆ ಅಷ್ಟೇ. ಕಪ್ಪಿಗೆ ರಾಣಿ, ಆನೆ, ಒಂಟೆ, ಕುದುರೆ ಎಲ್ಲಾ ಇವೆ. ಆದರೆ ಎಚ್8ರ ಆನೆ, ಎಫ್8ರ ಒಂಟೆ ಇಡೀ ಆಟದಲ್ಲಿ ಒಂದು ಮನೆಯೂ ಕದಲಲಿಲ್ಲ.