ಫಾಲ್ಸ್ ಸೀಲಿಂಗ್ ಮೇಲಿನ ಜಾಗಕ್ಕೂ ಸ್ಪ್ರಿಂಕ್ಲರ್ ಬೇಕೇ?

ಪ್ರಶ್ನೆ: ನಮ್ಮ ಕಚೇರಿಯ ಫಾಲ್ಸ್ ಸೀಲಿಂಗಿನಲ್ಲಿ ಎಲ್ಲ ಕಡೆ, ಬೆಂಕಿ ಬಿದ್ದಾಗ ತಾನಾಗಿ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಇವೆ. ಸೀಲಿಂಗಿಗೂ ಸ್ಲ್ಯಾಬಿಗೂ ನಡುವೆ ಸುಮಾರು ಮೂರಡಿ ಖಾಲಿ ಜಾಗ. ಅಲ್ಲಿಗೂ ಬೇರೆ ಸ್ಪ್ರಿಂಕ್ಲರ್ ಹಾಕಲೇಬೇಕು ಎನ್ನುತ್ತಾರೆ ಗುತ್ತಿಗೆದಾರರು. ಯಾರೂ ಓಡಾಡದ ಜಾಗಕ್ಕೆ ಇದು ನಿಜಕ್ಕೂ ಬೇಕೇ?

ಉತ್ತರ: ಮೂರಡಿ ಅಂದರೆ 900 ಮಿಲಿಮೀಟರಿಗಿಂತ ತುಸು ಹೆಚ್ಚು. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಯುರೋಪಿನ ಇಎನ್ 12845 ಮಾನದಂಡವೂ 800 ಮಿ.ಮೀ. ದಾಟಿದ ಸೀಲಿಂಗ್ ಜಾಗಕ್ಕೆ ಸ್ಪ್ರಿಂಕ್ಲರ್ ಕೇಳುತ್ತವೆ. ಆ ಲೆಕ್ಕದಲ್ಲಿ ನಿಮ್ಮ ಗುತ್ತಿಗೆದಾರರ ಮಾತು ಸರಿ. ಆದರೆ ಅಳತೆಯೊಂದನ್ನೇ ಹಿಡಿದು ಕೂತರೆ ವಿಷಯ ಅರ್ಧವೇ ತಿಳಿಯುತ್ತದೆ.

ಸ್ಪ್ರಿಂಕ್ಲರ್ ತೆರೆಯುವುದು ಬಿಸಿಗೆ, ಹೊಗೆಗಲ್ಲ. ತಲೆಯೆತ್ತಿ ಹತ್ತಿರದಿಂದ ನೋಡಿ: 3 ಅಥವಾ 5 ಮಿ.ಮೀ. ದಪ್ಪದ ಪುಟ್ಟ ಗಾಜಿನ ಬಲ್ಬ್, ಒಳಗೆ ಬಣ್ಣದ ದ್ರವ. ಕೆಂಪಾದರೆ 68 ಡಿಗ್ರಿ ಸೆಲ್ಸಿಯಸ್, ಹಳದಿಯಾದರೆ 79, ಹಸಿರಾದರೆ 93. ಅಷ್ಟು ಕಾದಾಗ ದ್ರವ ಹಿಗ್ಗಿ ಗಾಜು ಒಡೆಯುತ್ತದೆ, ನೀರು ಚಿಮ್ಮುತ್ತದೆ. ಈಗ ಬೆಂಕಿ ಸೀಲಿಂಗಿನ ಮೇಲೆ ಹೊತ್ತಿಕೊಂಡಿತು ಎನ್ನಿ. ಬಿಸಿಗಾಳಿ ಸ್ಲ್ಯಾಬಿನ ಅಡಿಗೆ ಅಂಟಿಕೊಂಡು ಪಕ್ಕಕ್ಕೆ ಹರಿಯುತ್ತದೆ. ಕೆಳಗಿನ ಬಲ್ಬಿಗೂ ಅದಕ್ಕೂ ನಡುವೆ ಬೋರ್ಡು ಅಡ್ಡ. ಬೋರ್ಡು ಕಳಚಿ ಬೀಳುವವರೆಗೆ ಆ ಬಲ್ಬು ತಣ್ಣಗೇ ಇರುತ್ತದೆ. ಕಚೇರಿಯ ಪಾರ್ಟಿಷನ್‌ಗಳು ಬಹುಪಾಲು ಸೀಲಿಂಗಿಗೇ ನಿಲ್ಲುವುದರಿಂದ, ಅಷ್ಟರಲ್ಲಿ ಬೆಂಕಿ ಎಷ್ಟು ಕೋಣೆಗಳ ನೆತ್ತಿಯ ಮೇಲೆ ಹಾದುಹೋಗಿದೆಯೋ ಹೇಳಲಾಗದು. ಕೊನೆಗೆ ಸ್ಪ್ರಿಂಕ್ಲರ್ ತೆರೆದರೂ ನೀರು ಬೀಳುವುದು ನೆಲಕ್ಕೆ. ಉರಿಯುತ್ತಿರುವುದು ಮೇಲೆ.

1996ರ ಏಪ್ರಿಲ್ 11ರಂದು ಜರ್ಮನಿಯ ಡ್ಯೂಸೆಲ್‌ಡಾರ್ಫ್ ವಿಮಾನ ನಿಲ್ದಾಣದಲ್ಲಿ ಆದದ್ದು ಇಂಥದ್ದೇ. ಮೇಲಿನ ರಸ್ತೆಯಲ್ಲಿ ವೆಲ್ಡಿಂಗ್ ನಡೆಯುತ್ತಿತ್ತು. ಅದರ ಬಿಸಿಗೆ ಕೆಳಗಿನ ಅಂತಸ್ತಿನ ಸೀಲಿಂಗ್ ಮೇಲಿದ್ದ ಪಾಲಿಸ್ಟೈರೀನ್ (ಥರ್ಮೋಕೋಲ್ ಜಾತಿಯ ವಸ್ತು) ಹೊತ್ತಿಕೊಂಡಿತು. ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಬೆಂಕಿ ಬೆಳೆಯಿತು, ಹೊಗೆ ಟರ್ಮಿನಲ್ ತುಂಬಿತು, 17 ಜನ ಸತ್ತರು. ಓಡಾಟವಿಲ್ಲದ ಜಾಗ ಎಂಬ ನಿಮ್ಮ ಮಾತಿಗೆ ಇದೇ ನನ್ನ ಉತ್ತರ: ಯಾರೂ ಓಡಾಡದ ಕಾರಣಕ್ಕೇ ಅಲ್ಲಿನ ಬೆಂಕಿ ತಡವಾಗಿ ಗೊತ್ತಾಗುತ್ತದೆ.

ಹಾಗಾದರೆ 800 ಮಿ.ಮೀ.ಗಿಂತ ಕಡಿಮೆಯಿದ್ದರೆ ನಿಶ್ಚಿಂತೆಯೇ? ಅಲ್ಲ. ಜಾಗ ಗಿಡ್ಡವಾಗಿದ್ದರೂ ಒಳಗೆ ಉರಿಯುವ ವಸ್ತುವಿದ್ದರೆ, ಅಥವಾ ಕಟ್ಟಿರುವುದೇ ಉರಿಯುವ ವಸ್ತುವಿನಿಂದಾದರೆ, ಸ್ಪ್ರಿಂಕ್ಲರ್ ಬೇಕು ಎನ್ನುತ್ತದೆ ಇಎನ್ 12845. ಕೇಬಲ್‌ಗೆ ಸ್ವಲ್ಪ ರಿಯಾಯಿತಿ ಕೊಡುತ್ತದೆ: 250 ವೋಲ್ಟ್‌ಗಿಂತ ಕಡಿಮೆಯ ಸಿಂಗಲ್ ಫೇಸ್ ಆಗಿರಬೇಕು, ಒಂದು ಟ್ರೇಯಲ್ಲಿ 15 ಮೀರಬಾರದು. ನಿಮ್ಮ ಸೀಲಿಂಗಿನ ಒಂದು ಹಲಗೆ ಎತ್ತಿ ಟಾರ್ಚ್ ಹಾಕಿ ನೋಡಿ, ದಯವಿಟ್ಟು ಇದೊಂದನ್ನು ಮಾಡಿ. ಹಳೆಯ ನೆಟ್‌ವರ್ಕ್ ಕೇಬಲ್‌ಗಳನ್ನು ಕಿತ್ತುಹಾಕದೆ ಅವುಗಳ ಮೇಲೆ ಹೊಸದನ್ನು ಎಳೆದಿರುತ್ತಾರೆ. ಪ್ಲೈವುಡ್ ಚೂರು, ಪ್ಯಾಕಿಂಗ್ ರಟ್ಟು ಅಲ್ಲೇ ಉಳಿದಿರುತ್ತವೆ. ನಕ್ಷೆಯಲ್ಲಿ ಖಾಲಿಯಿದ್ದ ಜಾಗ ವರ್ಷ ಕಳೆದಂತೆ ಖಾಲಿಯಾಗಿರುವುದಿಲ್ಲ.

ಅಮೆರಿಕದ ಸ್ಪ್ರಿಂಕ್ಲರ್ ಮಾನದಂಡವಾದ ಎನ್‌ಎಫ್‌ಪಿಎ 13 ಎತ್ತರಕ್ಕಿಂತ, ಅಲ್ಲಿ ಉರಿಯುವಂಥದ್ದು ಏನಿದೆ ಎಂಬುದನ್ನೇ ಮುಖ್ಯವಾಗಿ ನೋಡುತ್ತದೆ, ನನಗೂ ಅದೇ ಸರಿಯಾದ ದಾರಿ ಅನಿಸುತ್ತದೆ. ಕಾಂಕ್ರೀಟ್, ಉಕ್ಕು, ಜಿಪ್ಸಮ್ ಮಾತ್ರವಿದ್ದು, ಒಳಗೆ ಉರಿಯುವಂಥದ್ದು ಅತ್ಯಲ್ಪವಾಗಿದ್ದು, ಸಾಮಾನು ಇಡಲು ದಾರಿಯೂ ಇಲ್ಲದಿದ್ದರೆ ವಿನಾಯಿತಿ. ಮರದ ತೊಲೆ, ಮರದ ಹಲಗೆ ಬಂದರೆ ಬೇರೆ ಲೆಕ್ಕ. ಆಗಲೂ ಕೆಲವು ವಿನಾಯಿತಿಗಳುಂಟು. ಉದಾಹರಣೆಗೆ, ಉರಿಯದ ನಿರೋಧಕ ವಸ್ತುವನ್ನು ಜಾಗದ ತುಂಬ ತುಂಬಿದ್ದರೆ ಸಾಕು, ಗಾಳಿಯೇ ಇಲ್ಲದ ಕಡೆ ಬೆಂಕಿ ಓಡದು.

ಹಾಕುವುದೇ ಆದರೆ ಬಲ್ಬಿನ ಬಣ್ಣ ವಿಚಾರಿಸಿ. ಶಾಖ ನಿರೋಧಕವಿಲ್ಲದ ಛಾವಣಿಯ ಕೆಳಗೆ, ಗಾಳಿಯಾಡದ ಜಾಗಕ್ಕೆ ಕೆಂಪು ಬಲ್ಬು ಸಲ್ಲದು. ಬಿಸಿಲಿಗೇ ಅಲ್ಲಿ ತಾಪ ಏರುತ್ತದೆ. 79ರಿಂದ 107 ಡಿಗ್ರಿ ವರ್ಗದ್ದು ಬೇಕು.

ಇನ್ನೊಂದು ಮಾತು, ನೀವು ಕೇಳದಿದ್ದರೂ. ಮುಂದೆಂದಾದರೂ ಅಂದಕ್ಕಾಗಿ ಫಾಲ್ಸ್ ಸೀಲಿಂಗ್ ತೆಗೆಸಿದರೆ, ಈಗಿರುವ ಸ್ಪ್ರಿಂಕ್ಲರ್‌ಗಳನ್ನು ಹಾಗೇ ತೂಗಲು ಬಿಡಬೇಡಿ. ಸಾಮಾನ್ಯ ಸ್ಪ್ರಿಂಕ್ಲರ್ ಸಮತಟ್ಟು ಸ್ಲ್ಯಾಬಿನಿಂದ 300 ಮಿ.ಮೀ. ಒಳಗಿರಬೇಕು. ನಿಮ್ಮವು ಮೂರಡಿ ಕೆಳಗೆ ನಿಂತಿರುತ್ತವೆ, ಬಿಸಿಗಾಳಿ ಅವುಗಳ ಮೇಲಿಂದಲೇ ಹರಿದುಹೋಗುತ್ತದೆ.