ಭಾರತಕ್ಕೆ 77: ಈ ಅಂಕ ಬಂದದ್ದು ಎಲ್ಲಿಂದ?

ಬೆಂಗಳೂರಿನ ಐಟಿ ಕಂಪನಿಗಳಲ್ಲಿ ವಿದೇಶಿ ಕ್ಲೈಂಟ್ ಜೊತೆ ಕೆಲಸ ಶುರುವಾಗುವ ಮೊದಲು ಎಷ್ಟೋ ಸಲ ಒಂದು ತರಬೇತಿ ಇರುತ್ತದೆ. ಅದರಲ್ಲಿ ಒಂದು ಪಟ್ಟಿಯನ್ನು ಪರದೆಯ ಮೇಲೆ ತೋರಿಸುತ್ತಾರೆ. ಅಧಿಕಾರದ ಅಂತರ, ಅಂದರೆ ಅಧಿಕಾರದಲ್ಲಿ ಮೇಲು-ಕೆಳಗು ಇರುವುದನ್ನು ಜನ ಎಷ್ಟು ಒಪ್ಪಿಕೊಳ್ಳುತ್ತಾರೆ ಅನ್ನುವುದು: ಭಾರತ 77, ಅಮೆರಿಕ 40, ಜರ್ಮನಿ 35. ವ್ಯಕ್ತಿವಾದ: ಅಮೆರಿಕ 91, ಭಾರತ 48. ಆಮೇಲೆ ಅದರ ಅರ್ಥ ಹೇಳುತ್ತಾರೆ. ಭಾರತೀಯರು ಬಾಸ್ ಎದುರು ಬಾಯಿ ಬಿಡುವುದಿಲ್ಲ, ಜರ್ಮನ್ನರು ಮುಖಕ್ಕೆ ಹೊಡೆದಂತೆ ಮಾತಾಡುತ್ತಾರೆ, ಅಮೆರಿಕದವರಿಗೆ ತಮ್ಮ ಕೆಲಸ ತಮಗೆ. ಎಲ್ಲರೂ ಬರೆದುಕೊಳ್ಳುತ್ತಾರೆ. ಆದರೆ 77 ಅಂದರೆ ಏನು, ಎಷ್ಟಕ್ಕೆ 77, ಅಳೆದವರು ಯಾರು ಅಂತ ಕೇಳುವವರು ಕಡಿಮೆ.

ಈ ಅಂಕದ ಹಿಂದೆ ನಿಜವಾದ ವಿಜ್ಞಾನ ಇದೆ, ಅದೂ ತುಂಬಾ ಸೊಗಸಾದ ವಿಜ್ಞಾನ. ಅದನ್ನು ಎದುರಿಗೆ ಕೂತ ಮನುಷ್ಯನ ಸ್ವಭಾವ ಹೇಳಲು ಬಳಸಿದ ಕೂಡಲೇ ಅದು ಮೂಢನಂಬಿಕೆಯಾಗುತ್ತದೆ. ಹೀಗೆ ಯಾಕೆ ಆಗುತ್ತದೆ ಅಂತ ತಿಳಿಯಬೇಕಾದರೆ ಅಂಕ ಹೇಗೆ ಹುಟ್ಟಿತು ಅಂತ ನೋಡಬೇಕು.

ಈ ಅಂಕ ಕೊಟ್ಟವರು ನೆದರ್ಲೆಂಡ್ಸ್‌ನ ಖೇರ್ಟ್ ಹಾಫ್‌ಸ್ಟೆಡ್. 1928ರಲ್ಲಿ ಹಾರ್ಲೆಮ್‌ನಲ್ಲಿ ಹುಟ್ಟಿದರು. ಓದಿದ್ದು ಡೆಲ್ಫ್ಟ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್. ಕಾರ್ಖಾನೆಗಳಲ್ಲಿ ದುಡಿದು, ಆಮೇಲೆ ಸಮಾಜ ಮನೋವಿಜ್ಞಾನದ ಕಡೆ ತಿರುಗಿ, 1965ರಲ್ಲಿ ಐಬಿಎಂನ ಯುರೋಪ್ ವಿಭಾಗ ಸೇರಿದರು. ಅಲ್ಲಿ ನೌಕರರ ಮನಸ್ಸು ಅರಿಯಲು ಪ್ರಶ್ನಾವಳಿಗಳನ್ನು ಹಂಚುವ ವಿಭಾಗ ಕಟ್ಟಿದರು. 1967ರಿಂದ 1973ರವರೆಗೆ ಸುಮಾರು 1,16,000 ಉತ್ತರ ಪತ್ರಗಳು ಬಂದವು. ಕಂಪನಿಗೆ ಬೇಕಾಗಿದ್ದದ್ದು ನೌಕರರಿಗೆ ತೃಪ್ತಿ ಇದೆಯಾ ಇಲ್ಲವಾ ಅನ್ನುವುದಷ್ಟೇ. ಹಾಫ್‌ಸ್ಟೆಡ್ ಕಣ್ಣಿಗೆ ಬೇರೆಯದೇ ಬಿತ್ತು. ಒಂದೇ ಕಂಪನಿ, ಒಂದೇ ಥರದ ಕೆಲಸ, ಒಂದೇ ಪ್ರಶ್ನೆ. ಆದರೂ ದೇಶ ಬದಲಾದರೆ ಸರಾಸರಿ ಉತ್ತರ ಬದಲಾಗುತ್ತದೆ! ಎರಡು ಸಲ ಸಮೀಕ್ಷೆ ಮಾಡಿದಾಗಲೂ ದೇಶಗಳ ನಡುವಿನ ವ್ಯತ್ಯಾಸ ಹೆಚ್ಚುಕಡಿಮೆ ಹಾಗೇ ಉಳಿಯಿತು. ಲೂಸಾನ್‌ನ ಒಂದು ಮ್ಯಾನೇಜ್‌ಮೆಂಟ್ ಶಾಲೆಗೆ ಬಂದಿದ್ದ ಬೇರೆ ಬೇರೆ ಕಂಪನಿಗಳ ಮ್ಯಾನೇಜರ್‌ಗಳಿಗೆ ಅದೇ ಪ್ರಶ್ನೆಗಳನ್ನು ಕೊಟ್ಟು ನೋಡಿದರು. ಅಲ್ಲೂ ಅದೇ ರೀತಿಯ ವ್ಯತ್ಯಾಸ ಕಂಡಿತು. 1980ರಲ್ಲಿ 40 ದೇಶಗಳ ಅಂಕಗಳನ್ನು ಪ್ರಕಟಿಸಿದರು.

ಈಗ ಲೆಕ್ಕಕ್ಕೆ ಬರೋಣ. ಅಧಿಕಾರದ ಅಂತರದ ಅಂಕ ಬರೀ ಮೂರು ಪ್ರಶ್ನೆಗಳಿಂದ ಬಂದದ್ದು. ಒಂದು, ಬಾಸ್ ಮಾತು ಒಪ್ಪಿಗೆ ಇಲ್ಲ ಅಂತ ಹೇಳಲು ನೌಕರರು ಎಷ್ಟು ಸಲ ಹೆದರುತ್ತಾರೆ? ಇದಕ್ಕೆ 1 ಅಂದರೆ ತುಂಬಾ ಸಲ, 5 ಅಂದರೆ ತೀರಾ ಅಪರೂಪ. ಎರಡು, ನಿಮ್ಮ ಬಾಸ್ ಎಂಥವರು? ಮೂರು, ಎಂಥ ಬಾಸ್ ನಿಮಗೆ ಇಷ್ಟ? ಕೊನೆಯ ಎರಡಕ್ಕೂ ನಾಲ್ಕು ಬಗೆಯ ಬಾಸ್‌ಗಳ ವಿವರಣೆ ಕೊಡಲಾಗಿತ್ತು. ತಾನೇ ತೀರ್ಮಾನ ಮಾಡಿ ಆಜ್ಞೆ ಕೊಡುವವರು, ತಾನೇ ತೀರ್ಮಾನ ಮಾಡಿ ಒಪ್ಪಿಸುವವರು, ಎಲ್ಲರನ್ನೂ ಕೇಳಿ ತೀರ್ಮಾನಿಸುವವರು, ಬಹುಮತಕ್ಕೆ ಬಿಡುವವರು.

ಸೂತ್ರ ಹೀಗಿದೆ. 135ರಿಂದ, ಮೊದಲ ಪ್ರಶ್ನೆಯ ಸರಾಸರಿಯನ್ನು 25ರಿಂದ ಗುಣಿಸಿ ಕಳೆಯಿರಿ. ನಮ್ಮ ಬಾಸ್ ಮೊದಲ ಎರಡು ಬಗೆಯವರು ಅಂದವರ ಶೇಕಡಾವಾರು ಕೂಡಿಸಿ. ಮೂರನೇ ಬಗೆಯ ಬಾಸ್ ಬೇಕು ಅಂದವರ ಶೇಕಡಾವಾರು ಕಳೆಯಿರಿ. ಮುಗಿಯಿತು.

ಒಂದು ಉದಾಹರಣೆ ಮಾಡಿ ನೋಡೋಣ. ಸರಾಸರಿ 3, ಉಳಿದೆರಡೂ ಶೇ 50 ಅಂದುಕೊಳ್ಳಿ. 135ರಲ್ಲಿ 75 ಹೋಯಿತು, 50 ಕೂಡಿತು, 50 ಹೋಯಿತು. ಉತ್ತರ 60. ಸರಾಸರಿ 3ರ ಬದಲು 4 ಆದರೆ ಉತ್ತರ 35. ಒಂದು ಪ್ರಶ್ನೆಯಲ್ಲಿ ಒಂದು ಮೆಟ್ಟಿಲು ಬದಲಾದರೆ 25 ಅಂಕ ಬದಲಾಯಿತು. ಭಾರತಕ್ಕೂ ಅಮೆರಿಕಕ್ಕೂ ಇರುವ ಅಂತರ 37. ಪರದೆಯ ಮೇಲೆ ಆ ಎರಡು ಕಂಬಗಳು ಆನೆ ಆಡಿನಂತೆ ಕಾಣುತ್ತವೆ. ಅಸಲಿಗೆ ಅದು ಮೂರು ಪ್ರಶ್ನೆಗಳಲ್ಲಿ ಹರಡಿದ ಸಣ್ಣ ಸಣ್ಣ ಸರಿದಾಟ.

ಇನ್ನೊಂದು ವಿಷಯ. ಈ ಅಂಕ ನೂರಕ್ಕೆ ಕೊಟ್ಟದ್ದಲ್ಲ. ಸೂತ್ರದ ಪ್ರಕಾರ ಅದು ಮೈನಸ್ 90ರಿಂದ 210ರವರೆಗೆ ಎಲ್ಲಿ ಬೇಕಾದರೂ ಬೀಳಬಹುದು. 135 ಅನ್ನುವ ಸಂಖ್ಯೆ ಸೇರಿಸಿದ್ದೇ ಫಲಿತಾಂಶ ಸೊನ್ನೆಗೂ ನೂರಕ್ಕೂ ನಡುವೆ ಬರಲಿ ಅಂತ. ಆಮೇಲೆ ಸೇರಿದ ಮಲೇಷ್ಯಾಕ್ಕೆ 104 ಬಂತು. ಹಾಗಾಗಿ ಭಾರತೀಯರು ನೂರಕ್ಕೆ 77 ಪಾಲು ವಿಧೇಯರು ಅನ್ನುವ ಮಾತಿಗೆ ಅರ್ಥವೇ ಇಲ್ಲ.

ನನಗೆ ಬಹಳ ಹಿಡಿಸಿದ್ದು ಸೂತ್ರದ ಕೊನೆಯ ಭಾಗ. ಕಳೆಯುವುದು ಮೂರನೇ ಬಗೆಯ ಬಾಸ್ ಬೇಕು ಅಂದವರನ್ನು ಮಾತ್ರ. ನಾಲ್ಕನೇ ಬಗೆ, ಅಂದರೆ ಬಹುಮತಕ್ಕೆ ಬಿಡುವ ಬಾಸ್ ಬೇಕು ಅಂದವರನ್ನು ಕಳೆಯುವುದಿಲ್ಲ. ಎಲ್ಲರಿಗಿಂತ ಜಾಸ್ತಿ ಪ್ರಜಾಪ್ರಭುತ್ವ ಬೇಕು ಅಂದವನೂ, ಆಜ್ಞೆ ಕೊಡುವ ಬಾಸೇ ಇರಲಿ ಅಂದವನೂ ಈ ಲೆಕ್ಕದಲ್ಲಿ ಒಂದೇ! ಇದು ಹಾಫ್‌ಸ್ಟೆಡ್ ಅವರ ಎಡವಟ್ಟಲ್ಲ. ಅಂಕ ಹೆಚ್ಚಿರುವ ದೇಶಗಳಲ್ಲಿ ಜನರ ಆಸೆ ಈ ಎರಡು ತುದಿಗೆ ಹಂಚಿಹೋಗುತ್ತದೆ ಅಂತ ಅವರಿಗೆ ಅಂಕಿಅಂಶದಲ್ಲೇ ಕಂಡಿತ್ತು. ಅದನ್ನೇ ಸೂತ್ರ ಹಿಡಿದಿಟ್ಟಿತು. ಆದರೆ ನಮ್ಮ ತರಬೇತಿಗಳಲ್ಲಿ ಈ ಇನ್ನೊಂದು ತುದಿಯ ಮಾತೇ ಬರುವುದಿಲ್ಲ. 77ರಲ್ಲಿ ಬಾಸ್‌ಗೆ ಹೆದರುವವರ ಜೊತೆ ಬಾಸ್‌ಗಿರಿಯೇ ಬೇಡ ಅನ್ನುವವರೂ ಸೇರಿರಬಹುದು.

ಉತ್ತರ ಕೊಟ್ಟವರು ಯಾರು ಅಂತಲೂ ನೋಡಬೇಕು. 1967ರಿಂದ 1973ರ ನಡುವೆ ಐಬಿಎಂನಲ್ಲಿ ಕೆಲಸಕ್ಕಿದ್ದ ಭಾರತೀಯರು. ವಿದೇಶಿ ವಿನಿಮಯ ಕಾನೂನಿನ ಜಗಳದಲ್ಲಿ ಆ ಕಂಪನಿ 1978ರಲ್ಲಿ ಭಾರತ ಬಿಟ್ಟು ಹೋಯಿತು. ಮತ್ತೆ ಬಂದದ್ದು 1992ರಲ್ಲಿ, ಟಾಟಾ ಜೊತೆ ಸೇರಿ. ಇನ್ಫೋಸಿಸ್ ಹುಟ್ಟಿದ್ದು 1981ರಲ್ಲಿ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದದ್ದು 1985ರಲ್ಲಿ. ಅಂದರೆ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮ ಹುಟ್ಟುವುದಕ್ಕೂ ಮೊದಲು ತುಂಬಿದ ಪ್ರಶ್ನಾವಳಿಯಿಂದ ಇವತ್ತಿನ ಇಪ್ಪತ್ತೈದರ ಹುಡುಗಿಯ ಸ್ವಭಾವ ಹೇಳುತ್ತಿದ್ದೇವೆ. ಕೆಲವು ದೇಶಗಳಲ್ಲಂತೂ ಉತ್ತರ ಕೊಟ್ಟವರು ಬೆರಳೆಣಿಕೆಯಷ್ಟು. ಸಂಶೋಧಕ ಬ್ರೆಂಡನ್ ಮ್ಯಾಕ್‌ಸ್ವೀನಿ 2002ರಲ್ಲಿ ಇದನ್ನು ಎತ್ತಿ ತೋರಿಸಿದರು. ಸಿಂಗಪುರದಲ್ಲಿ 58 ಜನ. ಪಾಕಿಸ್ತಾನದಲ್ಲಿ ಮೊದಲ ಸಲ 37, ಎರಡನೇ ಸಲ 70.

ಆದರೂ ಸಂಖ್ಯೆ ಕಡಿಮೆ ಅನ್ನುವುದು ಚಿಕ್ಕ ತಕರಾರು. ದೊಡ್ಡದು ಬೇರೆ ಇದೆ.

ಆ ಮೂರು ಪ್ರಶ್ನೆಗಳು ಒಂದಕ್ಕೊಂದು ಹೊಂದಿಕೊಳ್ಳುವುದು ದೇಶಗಳನ್ನು ಹೋಲಿಸಿದಾಗ ಮಾತ್ರ. ಹೆದರಿಕೆ ಜಾಸ್ತಿ ಇರುವ ದೇಶದಲ್ಲಿ ಆಜ್ಞೆ ಕೊಡುವ ಬಾಸ್‌ಗಳೂ ಜಾಸ್ತಿ. ಆದರೆ ಒಂದೇ ದೇಶದೊಳಗಿನ ನೌಕರರನ್ನು ಒಬ್ಬೊಬ್ಬರಾಗಿ ನೋಡಿದರೆ ಈ ನಂಟು ಹೆಚ್ಚುಕಡಿಮೆ ಮಾಯ. ಹೆದರಿಕೆ ಇದೆ ಅಂದವನು ನನ್ನ ಬಾಸ್ ಸರ್ವಾಧಿಕಾರಿ ಅನ್ನಬೇಕಾಗಿಲ್ಲ. ಹೀಗಾಗಿ ಈ ಪ್ರಶ್ನೆಗಳಿಂದ ಒಬ್ಬ ಮನುಷ್ಯನ ಅಧಿಕಾರದ ಅಂತರವನ್ನು ಅಳೆಯಲು ಬರುವುದೇ ಇಲ್ಲ. ಇದನ್ನು ಸ್ವತಃ ಹಾಫ್‌ಸ್ಟೆಡ್ ಮತ್ತೆ ಮತ್ತೆ ಎಚ್ಚರಿಸಿದ್ದರು.

ಗುಂಪಿನ ಸತ್ಯ ವ್ಯಕ್ತಿಯ ಸತ್ಯಕ್ಕೆ ಉಲ್ಟಾ ಆಗುವುದೂ ಉಂಟು. ಸಮಾಜಶಾಸ್ತ್ರಜ್ಞ ಡಬ್ಲ್ಯೂ. ಎಸ್. ರಾಬಿನ್ಸನ್ 1950ರಲ್ಲಿ ಅಮೆರಿಕದ 1930ರ ಜನಗಣತಿ ಹಿಡಿದು ಇದನ್ನು ತೋರಿಸಿದರು. ವಲಸಿಗರು ಜಾಸ್ತಿ ಇರುವ ರಾಜ್ಯಗಳಲ್ಲಿ ಅನಕ್ಷರತೆ ಕಡಿಮೆ ಇತ್ತು. ಎರಡು ಸಂಗತಿ ಎಷ್ಟು ಜೊತೆಯಾಗಿ ಏರಿಳಿಯುತ್ತವೆ ಅಂತ ಅಳೆಯುವ ಸಹಸಂಬಂಧ ಮೈನಸ್ 0.53, ಅಂದರೆ ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. ಹಾಗಾದರೆ ವಲಸಿಗರೇ ಹೆಚ್ಚು ಓದಿದವರಾ? ಅಲ್ಲ. ಒಬ್ಬೊಬ್ಬರನ್ನೂ ಎಣಿಸಿದರೆ ವಲಸಿಗರಲ್ಲೇ ಅನಕ್ಷರತೆ ತುಸು ಹೆಚ್ಚು, ಪ್ಲಸ್ 0.12. ಯಾಕೆ ಹೀಗೆ? ಓದುಬರಹ ಚೆನ್ನಾಗಿದ್ದ ರಾಜ್ಯಗಳಿಗೇ ವಲಸಿಗರು ಹೋಗಿ ನೆಲೆಸಿದ್ದರು. ರಾಜ್ಯದ ಅಂಕ ನೋಡಿ ಮನುಷ್ಯನ ಬಗ್ಗೆ ತೀರ್ಪು ಕೊಟ್ಟಿದ್ದರೆ ಉತ್ತರ ಪೂರ್ತಿ ತಿರುಗುಮುರುಗು.

ಇನ್ನು ಒಂದು ದೇಶದೊಳಗೇ ಎಷ್ಟು ಭಿನ್ನತೆ ಇರುತ್ತದೆ? ಕರ್ನಾಟಕದ ಮಳೆಯನ್ನು ನೆನೆಸಿಕೊಳ್ಳಿ. ರಾಜ್ಯದ ವಾರ್ಷಿಕ ಸರಾಸರಿ ಸುಮಾರು 1150 ಮಿಲಿಮೀಟರ್. ಆಗುಂಬೆಯಲ್ಲಿ 7000 ದಾಟುತ್ತದೆ, ಚಳ್ಳಕೆರೆಯಲ್ಲಿ 500 ಕೂಡ ಕಷ್ಟ. ಸರಾಸರಿ ಸುಳ್ಳಲ್ಲ. ಪಕ್ಕದ ರಾಜ್ಯದ ಜೊತೆ ಹೋಲಿಸಲು ಅದು ಬೇಕು. ಆದರೆ ಅದನ್ನು ನಂಬಿ ಚಳ್ಳಕೆರೆಯಲ್ಲಿ ಭತ್ತ ನಾಟಿ ಮಾಡಿದರೆ ಕೆಟ್ಟಿರಿ. ಮನುಷ್ಯರ ಮೌಲ್ಯಗಳ ವಿಷಯದಲ್ಲೂ ಹೀಗೇ. ಗೆರ್ಹಾರ್ಟ್ ಮತ್ತು ಫಾಂಗ್ ಅನ್ನುವ ಸಂಶೋಧಕರು 2005ರಲ್ಲಿ ಹಾಫ್‌ಸ್ಟೆಡ್ ಅಂಕಿಅಂಶವನ್ನೇ ಮತ್ತೆ ಲೆಕ್ಕ ಹಾಕಿದರು. ಜನರ ನಡುವಿನ ವ್ಯತ್ಯಾಸದಲ್ಲಿ ದೇಶದ ಪಾಲು ಶೇ 2ರಿಂದ 4 ಅಷ್ಟೇ! ಆಮೇಲೆ 2016ರಲ್ಲಿ ತಾರಸ್ ಮತ್ತು ಜೊತೆಗಾರರು ನೂರಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಅಲ್ಲೂ ಸುಮಾರು ಶೇ 80 ವ್ಯತ್ಯಾಸ ಇದ್ದದ್ದು ದೇಶಗಳ ಒಳಗೇ.

ಹಾಗಾದರೆ ಬೇರೆ ಬೇರೆ ದೇಶದ ಕಚೇರಿಗಳಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ? ಅದು ಸುಳ್ಳಾ? ಸುಳ್ಳಲ್ಲ. ಆದರೆ ನಡೆದುಕೊಳ್ಳುವ ರೀತಿಯೂ ಒಳಗಿನ ಆಸೆಯೂ ಬೇರೆ ಬೇರೆ. ರಾಬರ್ಟ್ ಹೌಸ್ ಶುರು ಮಾಡಿದ ಗ್ಲೋಬ್ ಅಧ್ಯಯನ 62 ಸಮಾಜಗಳ ಸುಮಾರು 17,000 ಮ್ಯಾನೇಜರ್‌ಗಳನ್ನು ಎರಡು ಥರ ಕೇಳಿತು. ಇಲ್ಲಿ ಹೇಗಿದೆ? ಹೇಗಿರಬೇಕು? ಅಧಿಕಾರದ ಅಂತರದಲ್ಲಿ ‘ಹೇಗಿದೆ’ ಅನ್ನುವುದಕ್ಕೆ 7ಕ್ಕೆ 5ರ ಮೇಲೆ ಸರಾಸರಿ ಬಂತು. ‘ಹೇಗಿರಬೇಕು’ ಅನ್ನುವುದಕ್ಕೆ 3ಕ್ಕಿಂತ ಕಡಿಮೆ. ಜನ ತಲೆಬಾಗುವುದು ಅದು ಇಷ್ಟ ಅಂತಲೇ ಅಲ್ಲ, ಅಲ್ವಾ?

ವಿಮಾನಗಳ ಕಥೆ ಇದಕ್ಕೆ ಚೆನ್ನಾಗಿ ಹೊಂದುತ್ತದೆ. 1997ರ ಆಗಸ್ಟ್ 6ರಂದು ಕೊರಿಯನ್ ಏರ್ ವಿಮಾನ ಗುವಾಮ್‌ನಲ್ಲಿ ಗುಡ್ಡಕ್ಕೆ ಬಡಿದು 228 ಜನ ಸತ್ತರು. ಹಿರಿಯರಿಗೆ ಎದುರಾಡದ ಕೊರಿಯಾದ ಸಂಸ್ಕೃತಿಯೇ ಕಾರಣ ಅನ್ನುವ ಮಾತು ಜಗತ್ತೆಲ್ಲ ಹರಡಿತು. ಸಹಾಯಕರು ಕ್ಯಾಪ್ಟನ್ ಮೇಲೆ ಸರಿಯಾಗಿ ನಿಗಾ ಇಡಲಿಲ್ಲ ಅಂತ ತನಿಖಾ ವರದಿಯೂ ಹೇಳಿತು. ಆದರೆ ಅದು ಕ್ಯಾಪ್ಟನ್ ದಣಿವು, ತರಬೇತಿಯ ಕೊರತೆ, ನೆಲದ ಎಚ್ಚರಿಕೆ ವ್ಯವಸ್ಥೆಯನ್ನು ತಡೆದಿಟ್ಟದ್ದು ಇವನ್ನೂ ಪಟ್ಟಿ ಮಾಡಿತ್ತು. ಕೊರಿಯಾದ ಅಂಕ 60. ಈಗ 1977ರ ಮಾರ್ಚ್ 27ಕ್ಕೆ ಹೋಗಿ. ಟೆನೆರಿಫ್‌ನಲ್ಲಿ ಎದುರಿನ ವಿಮಾನ ರನ್‌ವೇ ಬಿಟ್ಟಿದೆಯಾ ಅಂತ ನೆದರ್ಲೆಂಡ್ಸ್‌ನ ಕೆಎಲ್ಎಂ ವಿಮಾನದ ಫ್ಲೈಟ್ ಎಂಜಿನಿಯರ್ ಅನುಮಾನಪಟ್ಟ. ಬಿಟ್ಟಿದೆ ಅಂತ ಕ್ಯಾಪ್ಟನ್ ಒತ್ತಿ ಹೇಳಿದ. ಎಂಜಿನಿಯರ್ ಸುಮ್ಮನಾದ. ಎರಡೂ ವಿಮಾನ ಡಿಕ್ಕಿಯಾಗಿ 583 ಜನ ಸತ್ತರು. ನೆದರ್ಲೆಂಡ್ಸ್ ಅಂಕ 38, ಅಮೆರಿಕಕ್ಕಿಂತಲೂ ಕಡಿಮೆ. ಮರುವರ್ಷ ಡಿಸೆಂಬರ್ 28ರಂದು ಪೋರ್ಟ್‌ಲೆಂಡ್ ಮೇಲೆ ಸುತ್ತುತ್ತಲೇ ಇದ್ದ ಯುನೈಟೆಡ್ ವಿಮಾನದ ಇಂಧನ ಖಾಲಿಯಾಯಿತು. ಎಂಜಿನಿಯರ್ ಸೂಚನೆ ಕೊಟ್ಟಿದ್ದ, ಒತ್ತಿ ಹೇಳಲಿಲ್ಲ. ಅದು ಅಮೆರಿಕದ ಸಿಬ್ಬಂದಿ. ಆಗ ಡಚ್ ಸಂಸ್ಕೃತಿ, ಅಮೆರಿಕನ್ ಸಂಸ್ಕೃತಿ ಅಂತ ಯಾರೂ ಅನ್ನಲಿಲ್ಲ. ಕಾಕ್‌ಪಿಟ್‌ನಲ್ಲಿ ಮಾತಾಡುವ ಪದ್ಧತಿಯನ್ನೇ ಬದಲಿಸಿದರು. ಯುನೈಟೆಡ್ 1981ರಲ್ಲಿ ಅದಕ್ಕೆ ತರಬೇತಿ ಶುರು ಮಾಡಿತು.

ಕಾರ್ಖಾನೆಯಲ್ಲೂ ಹೀಗೆ ಆಗಿದೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟರ್ಸ್ ಕಾರ್ಖಾನೆ 1982ರಲ್ಲಿ ಮುಚ್ಚಿತು. ಐದರಲ್ಲಿ ಒಬ್ಬರು ಕೆಲಸಕ್ಕೇ ಬರುತ್ತಿರಲಿಲ್ಲ. 1984ರಲ್ಲಿ ಟೊಯೋಟಾ ಜೊತೆ ಸೇರಿ ಅದನ್ನೇ ನಮ್ಮಿ ಅನ್ನುವ ಹೆಸರಲ್ಲಿ ಮತ್ತೆ ತೆರೆದರು. ಹೆಚ್ಚಿನವರು ಅದೇ ಹಳೆಯ ಕೆಲಸಗಾರರು, ಯೂನಿಯನ್ ಕೂಡ ಅದೇ. ಪಟ್ಟಿ ನಂಬಿದ್ದರೆ ಈ ಮದುವೆ ಮುರಿಯಬೇಕಿತ್ತು. ವ್ಯಕ್ತಿವಾದದಲ್ಲಿ ಅಮೆರಿಕ 91, ಜಪಾನ್ 46. ಆದರೆ ಗೈರುಹಾಜರಿ ತೀರಾ ಕೆಳಗೆ ಇಳಿಯಿತು. ಬದಲಾದದ್ದು ನಿಯಮ. ದೋಷ ಕಂಡರೆ ಯಾವ ಕೆಲಸಗಾರನಾದರೂ ಹಗ್ಗ ಎಳೆದು ಇಡೀ ಸಾಲನ್ನು ನಿಲ್ಲಿಸಬಹುದಿತ್ತು. ಎಳೆದವನಿಗೆ ಬೈಗುಳ ಇಲ್ಲ, ಸಹಾಯ ಓಡಿ ಬರುತ್ತಿತ್ತು. 1980ರ ದಶಕದ ಕೊನೆಯಲ್ಲಿ ಮಾರಾಟ ಕುಸಿದಾಗಲೂ ಯಾರನ್ನೂ ಮನೆಗೆ ಕಳಿಸಲಿಲ್ಲ, ತರಬೇತಿಗೆ ಕೂರಿಸಿದರು. ನಿಲ್ಲಿಸಿದರೆ ಕೆಲಸ ಹೋಗುವುದಿಲ್ಲ ಅಂತ ನಂಬಿಕೆ ಬಂದರೆ ಮನುಷ್ಯ ಹಗ್ಗ ಎಳೆಯುತ್ತಾನೆ.

ಇದನ್ನು ಬೆಂಗಳೂರಿಗೆ ತಂದು ನೋಡಿ. ಭಾರತೀಯರು ‘ಇಲ್ಲ’ ಅನ್ನುವುದಿಲ್ಲ, ಎಲ್ಲಕ್ಕೂ ‘ಹೌದು’ ಅನ್ನುತ್ತಾರೆ ಅನ್ನುವುದು ಕ್ಲೈಂಟ್‌ಗಳ ಹಳೆಯ ದೂರು. ಕಾರಣ 77 ಅಂತ ತರಬೇತಿ ಹೇಳುತ್ತದೆ. ಆದರೆ ಆ ಕರೆಯಲ್ಲಿ ಒಂದು ಕಡೆ ಹಣ ಕೊಡುವವರು, ಇನ್ನೊಂದು ಕಡೆ ಹಣ ಪಡೆಯುವವರು. ಒಪ್ಪಂದದಲ್ಲಿ ದಿನಾಂಕ ಮೊದಲೇ ಬರೆದಾಗಿದೆ. ಅದನ್ನು ಬರೆದ ಮಾರಾಟದವರು ಕರೆಯಲ್ಲೇ ಇಲ್ಲ. ನ್ಯೂಯಾರ್ಕ್‌ನಲ್ಲಿ ಬೆಳಿಗ್ಗೆ, ಇಲ್ಲಿ ರಾತ್ರಿ ಊಟದ ಹೊತ್ತು. ಮಾತು ಎರಡನೆಯದೋ ಮೂರನೆಯದೋ ಭಾಷೆಯಲ್ಲಿ. ‘ಆಗಲ್ಲ’ ಅಂದ ಜೂನಿಯರ್ ಹೆಸರು ಅದೇ ವಾರ ಮೇಲಿನವರಿಗೆ ದೂರು ಒಯ್ಯುವ ಎಸ್ಕಲೇಶನ್ ಇಮೇಲ್‌ನಲ್ಲಿ ಬರಬಹುದು. ಈ ಜಾಗದಲ್ಲಿ ಡೆನ್ಮಾರ್ಕಿನ ಹುಡುಗನನ್ನು ಕೂರಿಸಿದರೂ ‘ಹೌದು’ ಅನ್ನುತ್ತಾನೆ ಅಂತ ನನ್ನ ನಂಬಿಕೆ. ಅದೇ ಅಮೆರಿಕದ ಮ್ಯಾನೇಜರ್ ತನ್ನ ಗ್ರಾಹಕನ ಎದುರು ಎಷ್ಟು ಸಲ ‘ಇಲ್ಲ’ ಅನ್ನುತ್ತಾನೆ ಅಂತಲೂ ನೋಡಬೇಕು. ಸಂಸ್ಕೃತಿಯ ಮೇಲೆ ಹೊರಿಸಿಬಿಟ್ಟರೆ ಒಪ್ಪಂದವನ್ನು ಯಾರೂ ತಿದ್ದುವುದಿಲ್ಲ. ನನಗೆ ಸಿಟ್ಟು ಬರುವುದೇ ಇಲ್ಲಿ.

ದೇಶದ ಅಂಕವನ್ನು ಎಸೆಯಬೇಕಾಗಿಲ್ಲ. ಹತ್ತಾರು ದೇಶಗಳಲ್ಲಿ ಒಂದೇ ಥರದ ಸಂಬಳ ಪದ್ಧತಿ ತರುವವರಿಗೆ, ಕಾನೂನುಗಳನ್ನು ಹೋಲಿಸುವವರಿಗೆ ಅದು ಕೆಲಸಕ್ಕೆ ಬರುತ್ತದೆ. ಸಂಶೋಧಕರಿಗಂತೂ ಬೇಕೇ ಬೇಕು. ನಾಳೆ ಸಂಜೆಯ ಕರೆಗೆ ಮಾತ್ರ ಅದು ಬೇಡ. ಅಲ್ಲಿ ಬೇಕಾದದ್ದು ದಿನಾಂಕ ಬರೆಯುವ ಮೊದಲು ಕೋಡ್ ಬರೆಯುವವರನ್ನು ಕೇಳುವುದು, ‘ತಡ ಆಗುತ್ತದೆ’ ಅಂತ ಮೊದಲೇ ಹೇಳಿದವರಿಗೆ ಪೆಟ್ಟು ಬೀಳದಂತೆ ನೋಡಿಕೊಳ್ಳುವುದು. ಪ್ರಶ್ನೆ ಕೇಳುವ ರೀತಿಯನ್ನೂ ಬದಲಿಸಬಹುದು. ‘ಶುಕ್ರವಾರಕ್ಕೆ ಆಗುತ್ತಾ?’ ಅಂತ ಕೇಳಿದರೆ ‘ಆಗುತ್ತೆ’ ಅಂದುಬಿಡುವುದು ಸುಲಭ. ‘ಇದರಲ್ಲಿ ಯಾವ ಭಾಗ ಶುಕ್ರವಾರ ದಾಟಬಹುದು?’ ಅಂತ ಕೇಳಿದರೆ ಯಾವುದಾದರೂ ಒಂದು ಭಾಗದ ಹೆಸರು ಹೇಳಲೇಬೇಕಾಗುತ್ತದೆ, ಕೂತಿರುವುದು ಬೆಂಗಳೂರಿನಲ್ಲಾದರೂ ಬರ್ಲಿನ್‌ನಲ್ಲಾದರೂ.